ಲೈನ್ ಬಾಗಿ ಫ್ಲೈಯನ್ನು ಎಳೆದುಕೊಂಡು ಹೋಗ್ತದೆ, ಎಂತ ಮಾಡುವುದು?

ಪ್ರಶ್ನೆ (ಮಣಿಪಾಲದಿಂದ): ನಮಸ್ಕಾರ ಸರ್. ಚಿಕ್ಕಂದಿನಿಂದ ಸ್ವರ್ಣಾ ಹೊಳೆಯಲ್ಲಿ ಗಾಳ ಹಾಕಿ ಅಭ್ಯಾಸ ಉಂಟು, ಫ್ಲೈ (ಗರಿ, ನೂಲು ಸುತ್ತಿ ಹುಳದ ಹಾಗೆ ಮಾಡಿದ ಕೊಕ್ಕೆ) ಎಸೆಯುವ ರಾಡ್ ಮಾತ್ರ ಹೊಸತು. ಹೋದ ವರ್ಷ ಹಿಮಾಚಲದ ತೀರ್ಥನ್ ಹೊಳೆಗೆ ಟ್ರೌಟ್ ಹಿಡಿಯಲು ಹೋಗಿದ್ದೆ. ಫ್ಲೈ ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಆದರೆ ಎರಡೇ ಸೆಕೆಂಡಿನಲ್ಲಿ ನಡುವಿನ ಸೆಳವು ಲೈನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಫ್ಲೈ ನೀರಿನ ಮೇಲೆ ಗೆರೆ ಎಳೆಯುತ್ತ ಓಡುತ್ತಿತ್ತು. ಮೀನು ಹತ್ತಿರ ಬಂದು ತಿರುಗಿ ಹೋಗುತ್ತಿತ್ತು. ಮೆಂಡ್ ಮಾಡಲು, ಅಂದರೆ ನೀರಿನ ಮೇಲಿನ ಲೈನನ್ನು ಎತ್ತಿ ಇನ್ನೊಂದು ಕಡೆಗೆ ಮಗುಚಿ ಹಾಕಲು ನೋಡಿದರೆ ಫ್ಲೈಯೇ ಹಾರಿ ಬರುತ್ತದೆ. ಅಕ್ಟೋಬರಿನಲ್ಲಿ ಪುನಃ ಹೋಗುವವನಿದ್ದೇನೆ.

ಉತ್ತರ: ನಿಮ್ಮ ಎಸೆತ ಸರಿ ಉಂಟು, ಮೆಂಡ್ ಮಾಡುವ ಹೊತ್ತು ತಪ್ಪಿದೆ. ಬಾಗು ಕಣ್ಣಿಗೆ ಬಿದ್ದ ಮೇಲೆ ಮಾಡ್ತಿದ್ದೀರಿ. ಅಷ್ಟರಲ್ಲಿ ಲೈನ್ ಬಿಗಿದಾಗಿದೆ. ಬಿಗಿದ ಲೈನ್ ಎತ್ತಿದರೆ ಫ್ಲೈ ಬಾರದೆ ಇರುತ್ತದಾ?

ಇಳಿತದ ಹೊತ್ತಿಗೆ ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ದೋಣಿ ನೋಡಿ. ಸೆಳವು ಎಷ್ಟು ತಳ್ಳುತ್ತದೋ ಅಷ್ಟನ್ನು ಮೊದಲೇ ಲೆಕ್ಕ ಹಾಕಿ ಮೂತಿಯನ್ನು ಮೇಲ್ಹರಿವಿನ ಕಡೆ ಇಟ್ಟೇ ಹೊರಡಬೇಕು. ಲೈನಿಗೂ ಅದೇ. ಫ್ಲೈ ಬಿದ್ದ ಕೂಡಲೇ, ಲೈನ್ ಇನ್ನೂ ಸಡಿಲ ಇರುವಾಗಲೇ ಮೆಂಡ್ ಮಾಡಿ. ರಾಡಿನ ತುದಿ ನೀರಿನ ಹತ್ತಿರ ಇರಲಿ. ಮೊದಲು ಮೇಲಕ್ಕೆ ಎತ್ತಿ, ಲೈನ್ ನೀರು ಬಿಟ್ಟು ಬಂದ ಮೇಲೆ ತುದಿಯಿಂದ ಅರ್ಧಚಂದ್ರ ಬರೆದ ಹಾಗೆ ಮೇಲ್ಹರಿವಿನ ಕಡೆ ಮಗುಚಿ ಇಡಿ. ಎತ್ತದೆ ಪಕ್ಕಕ್ಕೆ ಬೀಸುವುದರಿಂದಲೇ ಫ್ಲೈ ಹಾರುವುದು. ಎಡಗೈಯಲ್ಲಿ ಒಂದು ಮೊಳ ಸಡಿಲ ಲೈನ್ ಹಿಡಿದಿದ್ದು, ಎತ್ತುವಾಗ ಬಿಟ್ಟುಕೊಡಿ. ಲೀಡರನ್ನು (ಲೈನಿಗೂ ಫ್ಲೈಗೂ ನಡುವಿನ ಸಪೂರ ನೂಲು) ಮುಟ್ಟಬೇಡಿ, ಅದು ನೀರಿನಲ್ಲೇ ಇರಲಿ.

ಯಾವಾಗಲೂ ಮೇಲ್ಹರಿವಿಗೇ ಅಂತ ಇಲ್ಲ. ಫ್ಲೈ ಇರುವಲ್ಲಿ ನೀರು ಜೋರು, ನಿಮ್ಮ ಕಡೆ ನಿಧಾನ ಆದರೆ ಲೈನ್ ಹಿಂದೆ ಉಳಿದು ಫ್ಲೈಯನ್ನು ತಡೆಯುತ್ತದೆ. ಆಗ ಕೆಳಹರಿವಿಗೆ ಹಾಕಬೇಕು. ಸಾಧ್ಯವಾದರೆ ಎರಡು ಹೆಜ್ಜೆ ಹತ್ತಿರ ಹೋಗಿ. ನೀರಿನ ಮೇಲೆ ಲೈನ್ ಕಡಿಮೆಯಾದಷ್ಟು ಈ ಕೆಲಸವೂ ಕಡಿಮೆ.

ನವೆಂಬರ್ 1ರಿಂದ ಹಿಮಾಚಲದಲ್ಲಿ ಟ್ರೌಟ್ ಹಿಡಿಯುವುದು ಬಂದ್, ಫೆಬ್ರವರಿ ಕೊನೆಯವರೆಗೆ. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನೂ ಮರೆಯಬೇಡಿ.

ಪ್ರಶ್ನೆ: ಅಭ್ಯಾಸ ಇಲ್ಲಿಯೇ ಆಗ್ತದಾ ಸರ್?

ಉತ್ತರ: ಧಾರಾಳ ಆಗ್ತದೆ. ಮಳೆ ನೀರು ಇಳಿದ ಮೇಲೆ ಸೀತಾನದಿ ಕಲ್ಲುಗಳ ನಡುವೆ ಓಡುವ ಕಡೆ ನಿಲ್ಲಿ, ಸೋಮೇಶ್ವರ ಅಭಯಾರಣ್ಯದ ಗಡಿಯಿಂದ ಹೊರಗೆ. ಕೊಕ್ಕೆ ಬೇಡ. ಲೀಡರಿನ ತುದಿಗೆ ಕೇಸರಿ ಬಣ್ಣದ ಉಲ್ಲನ್ ಚೂರು ಕಟ್ಟಿ ಬಿಡಿ. ಅದರ ಪಕ್ಕದಲ್ಲಿ ತೇಲುವ ಒಂದು ನೊರೆಗುಳ್ಳೆಯ ಮೇಲೆ ಕಣ್ಣಿಡಿ. ಉಲ್ಲನ್ ನೊರೆಯ ಜೊತೆಗೇ ಹೋದರೆ ಸರಿ. ಅದನ್ನು ದಾಟಿ ಮುಂದೆ ಹೋಯಿತು ಅಂದರೆ ಲೈನ್ ಎಳೆಯುತ್ತಿದೆ, ಹಿಂದೆ ಬಿತ್ತು ಅಂದರೆ ತಡೆಯುತ್ತಿದೆ.

ಪ್ರಶ್ನೆ (ಮಂಗಳೂರಿನಿಂದ ಇನ್ನೊಬ್ಬರು): ನನ್ನದು ತೇಲುವ ಲೈನೇ ಅಣ್ಣ, ಆದರೂ ತುದಿ ಮುಳುಗ್ತದೆ. ಎತ್ತಲಿಕ್ಕೇ ಬರುವುದಿಲ್ಲ.

ಉತ್ತರ: ಅಳಿವೆಯಲ್ಲಿ ಹಾಕ್ತೀರಲ್ಲ, ಉಪ್ಪು, ಕೆಸರು ಹಿಡಿದಿರ್ತದೆ ಮಾರಾಯ್ರೆ. ಲೈನನ್ನು ಬೆರಳಿನ ನಡುವೆ ಎಳೆದು ನೋಡಿ, ತರಿತರಿ ಸಿಗ್ತದೆ. ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ, ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿದ ಮೇಲೆ ಸುತ್ತಿಡಿ.