ಸಾಸಕ್ ಜನರ ಮೆರಾರಿಕ್: ಬಾಲ್ಯವಿವಾಹಕ್ಕೆ ದಾರಿಯೋ, ತಡೆಯೋ?

ಪ್ರಶ್ನೆ:
ಇಂಡೊನೇಷ್ಯಾದ ಲೊಂಬೊಕ್ ದ್ವೀಪದ ಸಾಸಕ್ ಸಮುದಾಯದಲ್ಲಿ, ಹುಡುಗನು ತಾನು ಮೆಚ್ಚಿದ ಹುಡುಗಿಯನ್ನು ರಾತ್ರಿ ವೇಳೆ ತವರಿನಿಂದ ಕರೆದೊಯ್ದು ಮದುವೆಯಾಗುವ 'ಮೆರಾರಿಕ್' ಪದ್ಧತಿಯಿದೆ. ಅಲ್ಲಿನ ಬಾಲ್ಯವಿವಾಹಗಳಿಗೆ ಇದೇ ಮೂಲವೆಂದು ಕೆಲವರು ದೂರುತ್ತಾರೆ. ಇದೇ ಸಂಪ್ರದಾಯದಲ್ಲಿ ಅದನ್ನು ತಡೆಯುವ ಕಟ್ಟುಪಾಡುಗಳೂ ಇವೆ ಎನ್ನುವವರಿದ್ದಾರೆ. ಯಾವುದನ್ನು ಒಪ್ಪಬೇಕು?

ಮೊದಲ ಉತ್ತರ:
ಮೆರಾರಿಕ್ ಆ ಒಂದು ರಾತ್ರಿಗೆ ಮುಗಿಯುವುದಿಲ್ಲ. ಹುಡುಗಿಯನ್ನು ಹುಡುಗನ ಬಂಧುವೊಬ್ಬರ ಮನೆಯಲ್ಲಿ ಇರಿಸಿ, ಹಳ್ಳಿಯ ಮುಖ್ಯಸ್ಥರ ಮೂಲಕ ತವರಿಗೆ ಸುದ್ದಿ ಮುಟ್ಟಿಸುವ 'ಸೆಲಾಬರ್' ನಡೆಯುತ್ತದೆ. ಆಮೇಲೆ ತಂದೆಯ, ಅಂದರೆ ವಲಿಯ, ಒಪ್ಪಿಗೆ ಕೇಳಿದ ನಂತರವಷ್ಟೇ ನಿಕಾಹ್. ಗೆಂಡಾಂಗ್ ಬೆಲೆಕ್ ಎಂಬ ದೊಡ್ಡ ಡೋಲುಗಳೊಡನೆ ಹೆಣ್ಣಿನ ಮನೆಗೆ ಸಾಗುವ 'ನ್ಯೊಂಗ್ಕೊಲಾನ್' ಮೆರವಣಿಗೆ ಬರುವುದು ಕೊನೆಯಲ್ಲಿ. ನಿಕಾಹ್‌ಗೆ ಮುಂಚೆ ಹಿರಿಯರು 'ಬೇಡ' ಎನ್ನಲು ಎಡೆಯಿದೆ. ಇದಕ್ಕೂ ಹಿಂದಿನ ಒಂದು ತಡೆಯೆಂದರೆ ನೇಯ್ಗೆ: ಸಾಡೆ ಹಳ್ಳಿಯಲ್ಲಿ, ಮಗ್ಗದಲ್ಲಿ ಬಟ್ಟೆ ನೇಯಲು ಬಾರದ ಹುಡುಗಿ ಮದುವೆಗೆ ಸಿದ್ಧಳಲ್ಲವೆಂದು ಹೇಳುತ್ತಾರೆ. ವಯಸ್ಸನ್ನು ಲೆಕ್ಕವಿಡದ ಕಾಲದಲ್ಲಿ ಅದೇ ಅಳತೆಗೋಲಾಗಿದ್ದಿರಬಹುದು, ಆದರೆ ಕೈಚಳಕವಿದ್ದ ಹುಡುಗಿ ಅದನ್ನು ಬೇಗನೇ ದಾಟಿಬಿಡುತ್ತಾಳೆ ಎಂಬುದೂ ನಿಜ.

ಎರಡನೆಯ ಉತ್ತರ:
ಹಂತಗಳಿವೆ ಎಂದ ಮಾತ್ರಕ್ಕೆ ಅವು ತಡೆಯುತ್ತವೆ ಎನ್ನಲಾಗದು. ಒಂದು ರಾತ್ರಿ ಹೊರಗಿದ್ದ ಮಗಳನ್ನು ಮರಳಿ ಕರೆತರುವುದು ಅವಮಾನವೆಂದು ಭಾವಿಸುವ ಮನೆಗಳಲ್ಲಿ ವಲಿಯ ಒಪ್ಪಿಗೆ ಬರೀ ಔಪಚಾರಿಕವಾಗಿಬಿಡುತ್ತದೆ. ಇಂಡೊನೇಷ್ಯಾದ ವಿವಾಹ ಕಾಯ್ದೆಗೆ ತಂದ 2019ರ ತಿದ್ದುಪಡಿಯು ವಿವಾಹದ ಕನಿಷ್ಠ ವಯಸ್ಸನ್ನು ಹೆಣ್ಣುಮಕ್ಕಳಿಗೂ 19ಕ್ಕೆ ಏರಿಸಿತು. ಅದಕ್ಕೆ ಮುಂಚೆ 1974ರ ಕಾಯ್ದೆಯಲ್ಲಿ ಅದು 16 ಇತ್ತು. ಆದರೆ ನ್ಯಾಯಾಲಯದ ವಿನಾಯಿತಿ ಪಡೆದೋ, ನೋಂದಣಿಯಿಲ್ಲದ 'ಸಿರಿ' ನಿಕಾಹ್ ಮಾಡಿಸಿಯೋ ಕಾನೂನನ್ನು ದಾಟುವವರಿದ್ದಾರೆ. ಎಳೆಯರ ಮದುವೆಗೆ 'ಮೆರಾರಿಕ್ ಕೊಡೆಕ್' ಎಂಬ ಪ್ರತ್ಯೇಕ ಹೆಸರೇ ಹುಟ್ಟಿಕೊಂಡಿದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಆ ಅವಮಾನದ ಭಯವನ್ನು ಸಂಪ್ರದಾಯದ ಒಳಗಿನಿಂದಲೇ ನೀಗಿಸಲು ಸಾಧ್ಯವಿಲ್ಲವೇ?

ಮೂರನೆಯ ಉತ್ತರ:
ಅದಕ್ಕಾಗಿಯೇ 'ಬೆಲಾಸ್' ಇದೆ. ಅಂದರೆ ಓಡಿಹೋದ ಎಳೆಯರನ್ನು ಬೇರ್ಪಡಿಸಿ, ಅವರವರ ಮನೆಗೆ ಮರಳಿಸುವುದು. ಕೆಲವು ಹಳ್ಳಿಗಳು ತಮ್ಮ 'ಅವಿಗ್-ಅವಿಗ್' ಎಂಬ ಕಟ್ಟಳೆಗಳಲ್ಲಿ ಬಾಲ್ಯವಿವಾಹಕ್ಕೆ ದಂಡವನ್ನೂ ಸೇರಿಸಿವೆ. 2021ರಲ್ಲಿ ಲೊಂಬೊಕ್ ಸೇರಿರುವ ಪಶ್ಚಿಮ ನುಸಾ ತೆಂಗಾರಾ ಪ್ರಾಂತ್ಯವು ಬಾಲ್ಯವಿವಾಹ ತಡೆಗೆಂದೇ ನಿಯಮ ರೂಪಿಸಿತು. ನನಗೆ ಕಾಣುವಂತೆ ದಂಡಕ್ಕಿಂತ ಹೆಚ್ಚು ಬಿಸಿ ಮುಟ್ಟಿಸಬಲ್ಲದ್ದು ಮೆರವಣಿಗೆಯ ನಿರಾಕರಣೆ, ಏಕೆಂದರೆ ಮದುವೆಯನ್ನು ಊರು ಕಣ್ಣಾರೆ ಕಾಣುವುದೇ ನ್ಯೊಂಗ್ಕೊಲಾನ್‌ನಲ್ಲಿ. ಆದರೂ ಬೆಲಾಸ್ ಫಲಿಸುವುದು ಸುದ್ದಿ ಬೇಗ ಸಿಕ್ಕಾಗ ಮಾತ್ರ. ಆದ್ದರಿಂದ ಸೆಲಾಬರ್‌ಗೆ ಬಂದವರನ್ನು ಹಳ್ಳಿಯ ಮುಖ್ಯಸ್ಥರು ಮೊದಲು ಕೇಳಬೇಕಾದದ್ದು ಹುಡುಗಿಯ ವಯಸ್ಸನ್ನು.