ಹಳೇ ಮಳೆ ಲೆಕ್ಕದ ಸ್ಕ್ಯಾನ್: ಜುಲೈ ಮೊತ್ತ ಕೂಡ್ತಾ ಇಲ್ಲ

ಜೀರುಂಡೆ:
ನಮ್ಮನೆ ಮೇಗರವಳ್ಳಿ ಹತ್ತಿರ. ಅಜ್ಜಯ್ಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಅಲ್ಲಿನ ಮಳೆ ಲೆಕ್ಕದ ಟೈಪ್ ಮಾಡಿದ ಕಾರ್ಬನ್ ಪ್ರತಿಗಳು 1961ರಿಂದ 1978ರವರೆಗಿನವು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಿವೆ. ತಿಂಗಳಿಗೊಂದು ಹಾಳೆ, ಮೂರು ಕಾಲಂ: ತಾರೀಖು, ಇಂಚು, ಷರಾ. ಅಡಿಯಲ್ಲಿ ಒಟ್ಟು.

ಆಷಾಢದಲ್ಲಿ ಆಗೆಲ್ಲ ಎಷ್ಟು ದಿನ ಮಳೆ ಬಿಟ್ಟು ಹೊಳವಾಗ್ತಿತ್ತು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲಿಕ್ಕೆ ಬಿಡುವು ಸಿಗ್ತಿತ್ತಾ ಅಂತ ನೋಡೋ ಆಸೆ. ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದೋ ತಂತ್ರಾಂಶ ಟೆಸರಾಕ್ಟ್‌ನಲ್ಲಿ ಕನ್ನಡ ಇಂಗ್ಲಿಷ್ ಎರಡೂ ಭಾಷೆ ಕೊಟ್ಟು ಓದಿಸಿ, ಲೆಕ್ಕದ ಶೀಟಿನ ತಂತ್ರಾಂಶ ಲಿಬ್ರೆ ಆಫೀಸ್ ಕ್ಯಾಲ್ಕ್‌ಗೆ ಅಂಟಿಸಿದೆ. 1961ರ ಜುಲೈ ಹಾಳೆಯಲ್ಲಿ ಒಟ್ಟು 71.35 ಇಂಚು ಅಂತಿದೆ. ನಾನು ಕೂಡಿಸೋ ಸೂತ್ರ ಸಮ್ ಹಾಕಿದರೆ 9.62! ತಾರೀಖೂ ಎಡವಟ್ಟು: 1ರಿಂದ 12ರವರೆಗೆ ಜನವರಿ, ಫೆಬ್ರವರಿ ಅಂತ ಏನೇನೋ ಆಗಿವೆ, 13ರಿಂದ ಮುಂದೆ ಇದ್ದ ಹಾಗೇ ಇವೆ. ಎಂಥ ಮಾಡೋದು?

ಹಾಳೆಟೊಪ್ಪಿ:
ಮೊದಲು ಒಂದು ಕೆಲಸ. ಆ ಶೀಟನ್ನು ನಕಲು ಮಾಡಿ ಪಕ್ಕಕ್ಕಿಡಿ, ಅದನ್ನ ಇನ್ನು ಮುಟ್ಟಬೇಡಿ. ತಿದ್ದೋದೆಲ್ಲ ಪಕ್ಕದ ಕಾಲಂನಲ್ಲಿ. ಇಲ್ಲದಿದ್ದರೆ ನಾಳೆ ಯಾವುದು ಹಾಳೆಯದ್ದು, ಯಾವುದು ನಿಮ್ಮದು ಅಂತ ನಿಮಗೇ ಗೊತ್ತಾಗಲ್ಲ.

ಆಮೇಲೆ ಕಂಟ್ರೋಲ್ ಜೊತೆ ಎಫ್8 ಒತ್ತಿ. ನಿಜವಾದ ಸಂಖ್ಯೆ ನೀಲಿಯಾಗತ್ತೆ, ಅಕ್ಷರ ಅಂತ ಕೂತಿರೋದು ಕಪ್ಪಾಗೇ ಇರತ್ತೆ. ನಿಮ್ಮ ಕಾಲಂ ಬಹುಪಾಲು ಕಪ್ಪು ಇರಬೇಕು. ಸಮ್ ಅಕ್ಷರಗಳನ್ನ ಸದ್ದಿಲ್ಲದೆ ದಾಟಿಕೊಂಡು ಹೋಗತ್ತೆ, ತಪ್ಪು ಅಂತಾನೂ ಹೇಳಲ್ಲ.

ತಾರೀಖಿಂದು ಬೇರೆ ಕಥೆ. ನಿಮ್ಮ ಕ್ಯಾಲ್ಕ್ ಅಮೆರಿಕದ ಪದ್ಧತಿಯಲ್ಲಿದೆ, ತಿಂಗಳು ಮೊದಲು ಓದತ್ತೆ. 1/7/61 ಅದಕ್ಕೆ ಜನವರಿ 7. ಹದಿಮೂರನೇ ತಿಂಗಳು ಇಲ್ವಲ್ಲ, ಅದಕ್ಕೇ 13ರ ಮೇಲೆ ಸುಮ್ಮನೆ ಬಿಟ್ಟಿದೆ. ಅಂಟಿಸುವಾಗ ಬರೋ ಕಿಟಕಿಯಲ್ಲಿ ಆ ಕಾಲಂಗೆ ದಿನ-ತಿಂಗಳು-ವರ್ಷ ಅಂತ ಆರಿಸಿ ಮತ್ತೆ ತನ್ನಿ. ಈಗಾಗಲೇ ತಿರುಚಿದ್ದನ್ನ ಫಾರ್ಮ್ಯಾಟ್ ಬದಲಿಸಿ ಸರಿ ಮಾಡೋಕೆ ಹೋಗಬೇಡಿ, ಒಳಗಿನ ತಾರೀಖೇ ಬದಲಾಗಿರತ್ತೆ.

ಜೀರುಂಡೆ:
ಎಫ್8 ಒತ್ತಿದೆ, ನೀಲಿ ನಾಲ್ಕೇ ನಾಲ್ಕು. ತಾರೀಖು ಸರಿಯಾಯ್ತು. ಆದರೆ ಕಪ್ಪು ಸೆಲ್‌ಗಳು ನೋಡೋಕೆ ಅಂಕಿಗಳ ಹಾಗೇ ಇದಾವೆ ಮಾರಾಯ್ರೆ. ಖಾಲಿ ಜಾಗ ತೆಗೆಯೋ ಸೂತ್ರ ಟ್ರಿಮ್ ಹಾಕಿದರೂ ಬಗ್ಗಲಿಲ್ಲ.

ಹಾಳೆಟೊಪ್ಪಿ:
ಟ್ರಿಮ್ ತೆಗೆಯೋದು ಮಾಮೂಲಿ ಖಾಲಿ ಜಾಗ ಮಾತ್ರ. 160ನೇ ಸಂಖ್ಯೆಯ ಇನ್ನೊಂದು ಜಾತಿಯ ಖಾಲಿ ಜಾಗ ಇದೆ, ಅದು ಕಾಲಿಗೆ ಹತ್ತಿದ ಉಂಬಳದ ಹಾಗೆ. ಸಬ್‌ಸ್ಟಿಟ್ಯೂಟ್‌ನಲ್ಲಿ ಯೂನಿಕ್ಯಾರ್ 160 ಕೊಟ್ಟು ಏನೂ ಇಲ್ಲದ್ದಕ್ಕೆ ಬದಲಿಸಿ, ಆಮೇಲೆ ಟ್ರಿಮ್, ಕೊನೆಗೆ ಅಕ್ಷರವನ್ನ ಸಂಖ್ಯೆ ಮಾಡೋ ವ್ಯಾಲ್ಯೂ.

ಇನ್ನೊಂದು ಅನುಮಾನ. ಎರಡು ಭಾಷೆ ಕೊಟ್ಟಿದ್ದೀರಿ ಅಂದ್ರಲ್ಲ, ಸೊನ್ನೆ ಎಲ್ಲೋ ಇಂಗ್ಲಿಷಿನ ಓ ಅಕ್ಷರ ಆಗಿರತ್ತೆ, ಎಲ್ಲೋ ಕನ್ನಡದ ೦ ಆಗಿರತ್ತೆ. ಕಣ್ಣಿಗೆ ಮೂರೂ ಒಂದೇ. ಐದಕ್ಕೆ ಎಸ್, ಒಂದಕ್ಕೆ ಎಲ್, ಎಂಟಕ್ಕೆ ಬಿ ಬರೋದೂ ಮಾಮೂಲು. ಇವನ್ನೂ ಬದಲಿಸಬೇಕು, ಆದರೆ ಇಂಚಿನ ಕಾಲಂ ಒಂದನ್ನೇ ಆರಿಸಿಕೊಂಡು. ಷರಾ ಕಾಲಂಗೆ ಕೈ ಹಾಕಿದರೆ ಅಲ್ಲಿನ ಮಾತೆಲ್ಲ ಅಂಕಿ ತುಂಬಿ ಹೋಗತ್ತೆ.

ಉಂಬಳ:
ನನ್ನ ಹೆಸರು ತೆಗೆದಿದ್ದಕ್ಕೆ ಬಂದೆ 🙂 ಬದಲಿಸುತ್ತಾ ಕೂರೋಕಿಂತ ಟೆಸರಾಕ್ಟ್‌ಗೆ ಇಂಚಿನ ಕಾಲಂ ಮಾತ್ರ ಕತ್ತರಿಸಿ ಕೊಟ್ಟು, ಅಂಕಿ ಮತ್ತು ಚುಕ್ಕೆ ಬಿಟ್ಟು ಬೇರೇನೂ ಓದಬೇಡ ಅಂತ ಕಟ್ಟುಹಾಕಬಹುದು. ವೈಟ್‌ಲಿಸ್ಟ್ ಅಂತಾರೆ.

ಹಾಳೆಟೊಪ್ಪಿ:
ಈ ಹಾಳೆಗೆ ಅದು ಬೇಡ ಅನ್ಸತ್ತೆ. ಎಸ್ಟೇಟಿನವರು ಮಳೆ ಇಲ್ಲದ ದಿನ ಇಂಗ್ಲಿಷಿನಲ್ಲಿ ‘ನಿಲ್’ ಅಂತ ಟೈಪ್ ಮಾಡಿರ್ತಾರೆ. ಅಂಕಿ ಮಾತ್ರ ಓದು ಅಂದರೆ ಅದು ಆ ನಿಲ್ಲನ್ನೂ ಹಿಂಡಿ 11 ಅಂತ ಕೊಟ್ಟುಬಿಡಬಹುದು. ಹೊಳವಾದ ದಿನ ಹನ್ನೊಂದು ಇಂಚು ಮಳೆ! ಅಕ್ಷರವಾಗಿ ಬಂದರೆ ಕನಿಷ್ಠ ಕಪ್ಪಾಗಿ ಕಾಣತ್ತೆ.

ಜೀರುಂಡೆ:
ಹೇಳಿದ್ದು ತಡವಾಯ್ತು. ಎಲ್ಲಾ ಎಲ್ ಅಕ್ಷರವನ್ನೂ 1 ಮಾಡಿಬಿಟ್ಟಿದ್ದೆ, ನಿಲ್‌ನ ಬಾಲದಲ್ಲೂ ಒಂದು 1 ಕೂತಿತ್ತು. ನಕಲು ಇಟ್ಟಿದ್ದಕ್ಕೆ ಬಚಾವ್. ಈ ಸಲ ಮೊದಲು ನಿಲ್ಲನ್ನ ಸೊನ್ನೆ ಮಾಡಿ, ಆಮೇಲೆ ಮಿಕ್ಕಿದ್ದು. ಒಂದು ದಿನದ ಸೆಲ್ ಖಾಲಿ ಇತ್ತು, ಅದಕ್ಕೂ ಸೊನ್ನೆ ಹಾಕಿದೆ. ಈಗ ಎಲ್ಲ ನೀಲಿ, ಮೊತ್ತ 413.26. ಒಂದು ತಿಂಗಳಲ್ಲಿ ಅಷ್ಟು ಬಂದಿದ್ರೆ ನಮ್ಮನೆ ಇರ್ತಿರಲಿಲ್ಲ.

ಲೆಕ್ಕದಕ್ಕ:
ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಡ್ಜರ್ ಕೂಡಿಸಿದವಳು ನಾನು, ಕಂಪ್ಯೂಟರ್ ಅಷ್ಟಕ್ಕಷ್ಟೆ. ಆದರೆ ಮೊತ್ತ ಕೂಡದಿದ್ದರೆ ಏನು ಮಾಡಬೇಕು ಅಂತ ಗೊತ್ತು. ವ್ಯತ್ಯಾಸ ತೆಗೆದು ಒಂಬತ್ತರಿಂದ ಭಾಗಿಸಿ ನೋಡು ತಮ್ಮಾ. 413.26ರಲ್ಲಿ 71.35 ಕಳೆದರೆ 341.91. ಸೆಂಟ್ ಲೆಕ್ಕದಲ್ಲಿ, ಅಂದರೆ ಇಂಚಿನ ನೂರನೇ ಪಾಲಿನಲ್ಲಿ, 34191, ಒಂಬತ್ತರಿಂದ ಸರಿಯಾಗಿ ಹೋಗತ್ತೆ, 3799.

ಒಂಬತ್ತರಿಂದ ಹೋದರೆ ಎರಡು ಗುಮಾನಿ. ಒಂದು, ಚುಕ್ಕೆ ಜಾರಿದೆ. ಹತ್ತು ಪಾಲಿನಲ್ಲಿ ಒಂದು ಪಾಲು ಕಳೆದರೆ ಒಂಬತ್ತು ಪಾಲು, ನೂರರಲ್ಲಿ ಒಂದು ಕಳೆದರೆ ತೊಂಬತ್ತೊಂಬತ್ತು, ಹೇಗೆ ಜಾರಿದರೂ ಒಂಬತ್ತರ ಮಗ್ಗಿಯೇ. ಇನ್ನೊಂದು, ಅಕ್ಕಪಕ್ಕದ ಅಂಕಿ ಅದಲು ಬದಲಾಗಿದೆ. ಮೊದಲು ಕಾಲಂನಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ನೋಡು.

ಜೀರುಂಡೆ:
ಅಕ್ಕಾ, 11ನೇ ತಾರೀಖು 345 ಇಂಚು! ಹಾಳೆಯಲ್ಲಿ 3.45 ಇದೆ, ಚುಕ್ಕೆ ಮಸುಕು. ತಿದ್ದಿದ ಮೇಲೆ 71.71. ಇನ್ನೂ 36 ಸೆಂಟ್ ಹೆಚ್ಚು. ಅಷ್ಟಕ್ಕೆ ಬಿಟ್ಟುಬಿಡಲಾ?

ಲೆಕ್ಕದಕ್ಕ:
ಬಿಡಬೇಡ. 36 ಅಂದರೆ ಒಂಬತ್ತು ನಾಲ್ಕಲಿ. ಹಾಗಾದರೆ ಚುಕ್ಕೆ ಆದಮೇಲಿನ ಎರಡು ಅಂಕಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ ನಾಲ್ಕು ಹೆಚ್ಚಿರೋ ದಿನ ಹುಡುಕು. 40, 51, 62, 73, 84, 95. ಅಂಥವು ಎರಡೋ ಮೂರೋ ಸಿಗಬಹುದು, ಅವನ್ನಷ್ಟೇ ಹಾಳೆ ಜೊತೆ ತಾಳೆ ನೋಡು. ಎರಡು ತಪ್ಪು ಸೇರಿ ಆಕಸ್ಮಿಕವಾಗಿ 36 ಆಗಿರೋದೂ ಉಂಟು, ಅದಕ್ಕೆ ಕಾಗದ ನೋಡದೆ ತಿದ್ದಬಾರದು.

ಉಂಬಳ:
ಬೇರೆ ಊರಿನ ಲೆಕ್ಕದ ಜೊತೆ ಹೋಲಿಸೋದಿದ್ರೆ ಒಂದು ಮಾತು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30, ಅಳತೆ ಬರೆಯೋದು ಅಳೆದ ದಿನಕ್ಕೆ. ಎಸ್ಟೇಟಿನವರು ಹಿಂದಿನ ದಿನಕ್ಕೆ ಬರೆದಿದ್ದರೆ ಇಡೀ ತಿಂಗಳೇ ಒಂದು ದಿನ ಸರಿದಿರತ್ತೆ. ಮತ್ತೆ ಮುಂದಿನ ಹಾಳೆಗಳಲ್ಲಿ ಎಲ್ಲಿಂದ ಮಿಲಿಮೀಟರ್ ಶುರು ಅಂತ ತಲೆಬರಹ ನೋಡಿಕೊಳ್ಳಿ. ಇಂಚಿಗೆ 25.4, ನಿಮ್ಮ 71.35 ಅಂದರೆ 1812.29 ಮಿಲಿಮೀಟರ್.

ಜೀರುಂಡೆ:
ಮೂರು ದಿನ ಸಿಕ್ಕಿದವು: 1.84, 4.51, 2.73. ಹಾಳೆಯಲ್ಲೂ ಮೂರೂ ಹಾಗೇ ಇವೆ, ಸ್ಕ್ಯಾನಿನದ್ದು ಏನೂ ತಪ್ಪಿಲ್ಲ. ತಲೆ ಕೆಟ್ಟು ಮತ್ತೆ ಅಟ್ಟ ಹತ್ತಿದೆ. ಅಜ್ಜಯ್ಯನ ಕೈಬರಹದ ಪಾಕೆಟ್ ಪುಸ್ತಕ ಸಿಕ್ತು. 19ನೇ ತಾರೀಖು 2.37! ಟೈಪ್ ಮಾಡಿದವರೇ ಅಂಕಿ ಅದಲು ಮಾಡಿದ್ದಾರೆ, ಒಟ್ಟು ಮಾತ್ರ ಪುಸ್ತಕದಿಂದ ನೇರ ಇಳಿಸಿದ್ದಾರೆ. 71.35 ಸರಿಯಾಗಿ ಕೂಡಿತು. ಲೆಕ್ಕದಕ್ಕನಿಗೆ ಒಂದು ಕವಳ ನನ್ನ ಲೆಕ್ಕದಲ್ಲಿ.

ಆದರೆ ಅದೇ ಪುಸ್ತಕ ನನ್ನ ಇನ್ನೊಂದು ಬಂಡವಾಳ ಬಯಲು ಮಾಡಿತು. 23ನೇ ತಾರೀಖು ಖಾಲಿ ಇತ್ತಲ್ಲ, ನಾನು ಸೊನ್ನೆ ಹಾಕಿ ಹೊಳವು ಅಂತ ಎಣಿಸಿಕೊಂಡಿದ್ದೆ. ಅಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: ‘ಹಳ್ಳ ಬಂದಿದೆ, ದಾಟಲಾಗಲಿಲ್ಲ’. ಮಳೆ ಅಳೆಯೋ ಪಾತ್ರೆ ಹಳ್ಳದ ಆಚೆ ಇತ್ತಂತೆ. 24ಕ್ಕೆ ಬರೆದ 6.80 ಎರಡು ದಿನದ ಮಳೆ. ಮೊತ್ತಕ್ಕೆ ಏನೂ ಆಗಲ್ಲ, ನನ್ನ ಹೊಳವಿನ ಎಣಿಕೆ ಮಾತ್ರ ಪೂರ್ತಿ ಉಲ್ಟಾ.

ಹಾಳೆಟೊಪ್ಪಿ:
ಸೊನ್ನೆ ತೆಗೆದು ಖಾಲಿಯೇ ಬಿಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ 24ರ ಎದುರು ‘ಎರಡು ದಿನದ್ದು’ ಅಂತ ಹಾಕಿ. 6.80ನ್ನ ಅರ್ಧ ಅರ್ಧ ಹಂಚಬೇಡಿ. ಹೊಳವು ಎಣಿಸೋಕೆ ಕೌಂಟ್‌ಇಫ್‌ನಲ್ಲಿ ಸೊನ್ನೆ ಕೊಟ್ಟರೆ ಸಾಕು, ಖಾಲಿ ಸೆಲ್ ಅದಕ್ಕೆ ಸೇರಲ್ಲ. 19ಕ್ಕೂ ಟೈಪಿನದ್ದು, ಪುಸ್ತಕದ್ದು ಎರಡೂ ಇಟ್ಟುಕೊಳ್ಳಿ.

ಜೀರುಂಡೆ:
ಹಾಗೇ ಮಾಡಿದೆ. ಆಗಸ್ಟ್ ಹಾಳೆ ತೆಗೆದೆ ಈಗ. ಅದರ ಒಟ್ಟು ಬರೆದಿರೋ ಜಾಗವನ್ನೇ ಗೆದ್ದಲು ತಿಂದಿದೆ. ಪಾಕೆಟ್ ಪುಸ್ತಕವನ್ನೇ ಮೊದಲು ಕೈಯಾರೆ ಟೈಪ್ ಮಾಡಿ ಆಮೇಲೆ ಬರ್ತೇನೆ.