ಸಹಾಯ ಬೇಕು: 330ಐ ವೇಗವರ್ಧನೆಯ ಲೆಕ್ಕ ಹೊಂದುತ್ತಿಲ್ಲ

ಗೆಳೆಯರೇ, ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಹಳೆಯ ಇ46 (3 ಸೀರೀಸ್‌ನ ಒಂದು ಹಳೆಯ ತಲೆಮಾರು) ಬಿಎಂಡಬ್ಲ್ಯು 330ಐ ಸೆಡಾನ್, ಮ್ಯಾನ್ಯುವಲ್ ಗೇರ್. ಮೂರು ಲೀಟರ್ ಸ್ಟ್ರೇಟ್ ಸಿಕ್ಸ್ (ಒಂದೇ ಸಾಲಿನಲ್ಲಿ ಆರು ಸಿಲಿಂಡರ್‌ಗಳ ಎಂಜಿನ್), 5900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುಗಳು) 170 ಕಿಲೋವ್ಯಾಟ್. ನಿಂತಲ್ಲಿಂದ ಗಂಟೆಗೆ 100 ಕಿಮೀ ಮುಟ್ಟಲು ಕಂಪನಿ ಕೊಟ್ಟಿರುವ ಸಮಯ 6.5 ಸೆಕೆಂಡ್.

ಡ್ರೈವರ್ ಸೇರಿ ತೂಕ ಸುಮಾರು 1500 ಕೆಜಿ. 100 ಕಿಮೀ ವೇಗಕ್ಕೆ ಬೇಕಾದ ಶಕ್ತಿ ಸುಮಾರು 579 ಕಿಲೋಜೂಲ್. ಪೂರ್ತಿ ಪವರ್ ಸಿಕ್ಕರೆ 3.4 ಸೆಕೆಂಡ್ ಸಾಕು! ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ನಲ್ಲಿ ಶೇ. 15 ಹೋಯ್ತು ಅಂತ ಇಟ್ಟುಕೊಂಡರೂ 4 ಸೆಕೆಂಡ್. ಗಾಳಿಯ ತಡೆ ಸೇರಿಸಿ ನೋಡಿದೆ, ಈ ವೇಗದಲ್ಲಿ ಅದು ತೀರಾ ಕಡಿಮೆ.

ಆಮೇಲೆ ಗೇರ್ ಬದಲಾವಣೆ ನೋಡಿದೆ. ಮೊದಲ ಗೇರನ್ನು 6500ರವರೆಗೆ ಎಳೆದು ಎರಡನೆಯದಕ್ಕೆ ಹಾಕಿದರೆ ಎಂಜಿನ್ ಸುಮಾರು 4000ದ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿ 170 ಎಲ್ಲಿಂದ ಬರಬೇಕು? 3500ರಲ್ಲಿ 300 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಅಂದರೆ ಬರೀ 110 ಕಿಲೋವ್ಯಾಟ್ ಅಲ್ವಾ. ಈ ಎಂಜಿನ್‌ನ ಸೊಗಸೇ ಮೇಲಿನ ಆರ್‌ಪಿಎಂನಲ್ಲಿದೆ, ಆದರೆ ಕಾರು ಅಲ್ಲಿರುವುದು ಸ್ವಲ್ಪ ಹೊತ್ತು ಮಾತ್ರ. ಕ್ಲಚ್ ಒತ್ತಿದಾಗಂತೂ ಚಕ್ರಕ್ಕೆ ಏನೂ ಸಿಗಲ್ಲ.

ಇದನ್ನೆಲ್ಲ ಸೇರಿಸಿದರೂ ಸುಮಾರು ಒಂದು ಸೆಕೆಂಡ್ ಲೆಕ್ಕಕ್ಕೆ ಸಿಗುತ್ತಿಲ್ಲ. ಫ್ಲೈವೀಲ್ (ಎಂಜಿನ್‌ಗೆ ಜೋಡಿಸಿದ ಭಾರದ ಗಾಲಿ), ಕ್ರ್ಯಾಂಕ್ (ಎಂಜಿನ್‌ನ ತಿರುಗುವ ಮುಖ್ಯ ದಂಡ), ಚಕ್ರ ಇವನ್ನು ತಿರುಗಿಸಲು ಹೋಗುವ ಶಕ್ತಿಯನ್ನು ನಾನು ಇನ್ನೂ ಸೇರಿಸಿಲ್ಲ. ಅದು ಮೊದಲ ಗೇರ್‌ನಲ್ಲೇ ಜಾಸ್ತಿ ಅಂತ ಗೊತ್ತು, ಎಷ್ಟು ಅನ್ನೋದೇ ತಿಳಿಯುತ್ತಿಲ್ಲ.

ಈ ಶಕ್ತಿಯನ್ನು ಕಾರಿನ ತೂಕ ಅಷ್ಟು ಹೆಚ್ಚಾದಂತೆ ಲೆಕ್ಕ ಹಾಕಬಹುದು. ಗೊತ್ತಿದ್ದವರು ದಯವಿಟ್ಟು ಹೇಳಿ: ಇಂಥ ಕಾರಿಗೆ ಮೊದಲ ಮತ್ತು ಎರಡನೇ ಗೇರ್‌ನಲ್ಲಿ ತೂಕಕ್ಕೆ ಶೇಕಡಾ ಎಷ್ಟು ಸೇರಿಸಿ ಲೆಕ್ಕ ಹಾಕಬೇಕು?